ನಲವತ್ತನೆಯ ದಿನದ ಮಾತು

ಪಕ್ಕದ ಬಾಗಿಲಿನಿಂದ ಚರ್ಚಿನೊಳಗೆ ಬಂದ ಅವಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಸೂರು ಸೋರಿ ಪೀಠದ ವಸ್ತ್ರ ತೊಪ್ಪೆಯಾಗಿತ್ತು. ರಿಪೇರಿಗೆ ಬಂದವನು ನೋಡಿದರೆ ಕಂಬಕ್ಕೊರಗಿ ಹಾಯಾಗಿ ಕಾಲು ಚಾಚಿದ್ದ.

"ಏನಯ್ಯಾ, ಸೂರು ತಾನಾಗೇ ಸರಿಹೋಗತ್ತಾ? ಏಣಿ ಎಲ್ಲಿ?"

ಅವನು ತಲೆಯೆತ್ತಿದ. ಮೈತುಂಬ ಧೂಳು, ಕಣ್ಣತುಂಬ ತುಂಟತನ. "ತರೋಣ ಅಂದ್ರೆ ಮುಂಬಾಗಿಲಲ್ಲಿ ನಿಮ್ಮ ತಂದೆಯವರ ಆಳುಗಳು ಕತ್ತಿ ಹಿಡ್ಕೊಂಡು ಕಾಯ್ತಿದ್ದಾರಲ್ಲ, ಅಮ್ಮಣ್ಣಿ."

ಆಗ ಅವಳಿಗೆ ಅವನ ಹರಿದ ಅಂಗಿತೋಳಿನ ಮೇಲಿನ ಕೆಂಪು ಗುಲಾಬಿ ಕಂಡಿತು. ಇವನು ರಿಪೇರಿಯವನಲ್ಲ.

ಒಂದೇ ರಾಜವಂಶದ ಎರಡು ಕವಲು, ಇಂಗ್ಲೆಂಡಿಗೆ ಒಂದೇ ಕಿರೀಟ. ಒಂದು ಕವಲಿನ ಗುರುತು ಕೆಂಪು ಗುಲಾಬಿ, ಇನ್ನೊಂದರದು ಬಿಳಿ. ಹೋದ ವಾರದ ಯುದ್ಧದಲ್ಲಿ ಬಿಳಿ ಗುಲಾಬಿ ಗೆದ್ದಿತ್ತು. ಅವಿಸ್‌ಳ ತಂದೆ ಸರ್ ಫುಲ್ಕ್ ಗೆದ್ದವರ ಕಡೆ. ಸೋತವರ ಕಡೆಯ ಈ ಇಂಗ್ರಮ್, ಅಣ್ಣನನ್ನು ರಣದಲ್ಲಿ ಕಳೆದುಕೊಂಡು ಚರ್ಚಿನ ಆಶ್ರಯಕ್ಕೆ ಬಂದಿದ್ದ. ಇಲ್ಲಿ ನಲವತ್ತು ದಿನ ಯಾರೂ ಅವನನ್ನು ಮುಟ್ಟುವಂತಿಲ್ಲ. ಆಮೇಲೆ ಹೊಸ ರಾಜನಿಗೆ ಮಂಡಿಯೂರಬೇಕು, ಇಲ್ಲವೇ ಮರದ ಶಿಲುಬೆ ಹಿಡಿದು ಬರಿಗಾಲಲ್ಲಿ ಬಂದರಿಗೆ ನಡೆದು ದೇಶ ಬಿಡಬೇಕು.

ಮರುದಿನ ಅವಳು ರೊಟ್ಟಿ, ಗಿಣ್ಣು ತಂದಳು. "ಸೂರಿನವರಿಗೆ ಊಟ," ಎಂದಳು ಮುಖ ತಿರುಗಿಸಿಕೊಂಡು. ಅದರ ಮರುದಿನವೂ ತಂದಳು. ಹತ್ತನೆಯ ದಿನದ ಹೊತ್ತಿಗೆ ಮುಖ ತಿರುಗಿಸುವುದು ಮರೆತೇಹೋಗಿತ್ತು.

ಮೂವತ್ತೊಂಬತ್ತನೆಯ ದಿನ ಅವಳು ತಂದದ್ದು ತಾನೇ ಕಸೂತಿ ಹಾಕಿದ ಬಿಳಿ ಗುಲಾಬಿ. "ಇದನ್ನ ತೋಳಿಗೆ ಕಟ್ಕೊಂಡು ಹೊರಗೆ ಬನ್ನಿ. ಅಪ್ಪ ಕ್ಷಮಿಸ್ತಾರೆ."

ಅವನು ಒಂದೊಂದೇ ಎಸಳನ್ನು ಬೆರಳಿನಿಂದ ಸವರಿದ. "ಎಷ್ಟು ಚೆನ್ನಾಗಿ ಹೊಲಿದಿದ್ದೀರಿ! ಆದ್ರೆ ನಮ್ಮಣ್ಣ ಕೆಂಪು ಗುಲಾಬಿ ಎದೆಗೆ ಹಚ್ಕೊಂಡೇ ಮಣ್ಣಾದ. ನಾನಿದನ್ನ ಕಟ್ಟಿದ್ರೆ ನಿಮ್ಮೆದುರು ನಿಲ್ಲೋನು ಬೇರೆ ಯಾರೋ ಆಗಿರ್ತಾನೆ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಒಂದೇ ವರ್ಷದಲ್ಲಿ ಮೂರು ಸಲ ಬಣ್ಣ ಬದಲಿಸಿದ ದೊರೆಗಳನ್ನು ಅವಳು ಅಪ್ಪನ ಊಟದ ಮೇಜಿನಲ್ಲೇ ಕಂಡಿದ್ದಳು. ಅಂಥವರೊಬ್ಬರ ಮಗನಿಗೇ ಅಪ್ಪ ಅವಳನ್ನು ಕೊಡಲು ಮಾತಾಡಿದ್ದರು.

"ಕಟ್ಕೊಂಡಿದ್ರೆ ಈ ಕ್ಷಣವೇ ನಿಮ್ಮನ್ನ ಮರೆತುಬಿಡ್ತಿದ್ದೆ," ಎಂದಳು. "ಈಗ ಮರೆಯೋ ದಾರಿನೇ ಇಲ್ಲ."

ಅವನು ಬಿಳಿ ಗುಲಾಬಿಯನ್ನು ಮಡಿಸಿ ಅವಳ ಅಂಗೈಯಲ್ಲಿಟ್ಟ. ದೇಶ ಬಿಡುವವನು ಅವಳನ್ನು ಏನೆಂದು ಕೇಳಿಯಾನು?

ನಲವತ್ತನೆಯ ದಿನ ಬೆಳಿಗ್ಗೆ ಗೋಣಿಬಟ್ಟೆ ತೊಟ್ಟು, ಶಿಲುಬೆ ಹಿಡಿದು ಇಂಗ್ರಮ್ ಹೊರಗೆ ಬಂದ. ಊರೆಲ್ಲ ನೆರೆದಿತ್ತು. ಸರ್ ಫುಲ್ಕ್ ಗೇಟಿನ ಬಳಿ ನಿಂತಿದ್ದರು. ಅವಿಸ್ ಜನರನ್ನು ಸರಿಸಿಕೊಂಡು ಬಂದು ಅವನ ಕೈ ಹಿಡಿದಳು.

"ಇಂಗ್ರಮ್, ಈ ಗಳಿಗೆಯಿಂದ ನಿನ್ನನ್ನ ನನ್ನ ಗಂಡ ಅಂತ ಒಪ್ಕೊಂಡಿದ್ದೀನಿ."

ಆ ಮಾತಿನ ತೂಕ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇಬ್ಬರ ಬಾಯಲ್ಲೂ ಅದು ಬಂದರೆ ಮದುವೆಯಾದಂತೆಯೇ. ಆಮೇಲೆ ಅಪ್ಪನಾಗಲಿ, ರಾಜನಾಗಲಿ ಮುರಿಯಲಾಗದು.

"ನಂಗೆ ಮನೆ ಇಲ್ಲ, ಇವತ್ತಿನಿಂದ ದೇಶವೂ ಇಲ್ಲ..."

"ಅದೆಲ್ಲ ಕೇಳಿದ್ನಾ? ಬೇಗ ಹೇಳು ಮಾರಾಯ, ಅಪ್ಪ ಬರ್ತಿದ್ದಾರೆ!"

ಅವನು ಅವಳ ಬೆರಳುಗಳನ್ನು ಬಿಗಿಹಿಡಿದ. "ಅವಿಸ್, ಈ ಗಳಿಗೆಯಿಂದ ನೀನು ನನ್ನ ಹೆಂಡತಿ."

ಸರ್ ಫುಲ್ಕ್ ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ಕೈ ಕತ್ತಿಯ ಹಿಡಿಯ ಮೇಲಿತ್ತು. ಮಗಳ ಮುಖವನ್ನೇ ನೋಡಿದರು, ಆಮೇಲೆ ಮೆಲ್ಲನೆ ಕೈ ತೆಗೆದು ದಾರಿ ಬಿಟ್ಟರು.

ಅವಿಸ್ ತನ್ನ ರೇಷ್ಮೆಯ ಜೋಡು ಬಿಚ್ಚಿ ಅಪ್ಪನ ಕಾಲ ಬಳಿ ಇಟ್ಟು, ಬರಿಗಾಲಲ್ಲಿ ಕಲ್ಲು ದಾರಿಗಿಳಿದಳು.

"ಬಂದರು ಎಷ್ಟು ದೂರ?"

"ಒಂಬತ್ತು ದಿನದ ದಾರಿ."

"ಸಾಕು ಬಿಡು," ಎಂದಳು ಅವನ ಕೈ ಬಿಡದೆ. "ಅಷ್ಟರಲ್ಲಿ ಸೂರು ರಿಪೇರಿ ಮಾಡೋದು ಕಲಿತ್ಕೋ. ನಮಗೆ ಸಿಗೋ ಮನೆ ಖಂಡಿತ ಸೋರತ್ತೆ."