ಇಡೀ ಊರೇ ಕೂಡಿಸಿದ ಜೋಡಿ

"ಅಗೋ, ನಿಮ್ಮವರು ಅಲ್ಲೇ ಕೂತಿದ್ದಾರೆ, ಬನ್ನಿ ಬನ್ನಿ!"

ಹೋಟೆಲಿನ ಒಡತಿ ಲಿಂಡ್‌ಗ್ರೆನ್ ಅಮ್ಮ ನಗುನಗುತ್ತಾ ಆ ಯುವಕನನ್ನು ಸೀದಾ ರೋಶೆಲ್‌ಳ ಮೇಜಿಗೇ ಕರೆತಂದಳು. ಸುತ್ತ ಅಷ್ಟೊಂದು ಮೇಜು ಖಾಲಿ ಬಿದ್ದಿದ್ದವು!

ರೋಶೆಲ್ ತಲೆಯೆತ್ತಿದಳು.

ಡ್ವೇನ್! ಎಂಟು ವರ್ಷದ ಮೇಲೆ...

"ನಾನು ಇವರ ಜೊತೆ ಬಂದಿಲ್ಲಮ್ಮ," ಎಂದ ಅವನು.

"ಅಯ್ಯೋ, ಸಂಕೋಚ ಯಾಕಪ್ಪಾ!" ಎಂದು ಆಕೆ ಎರಡು ಕಪ್ ಕಾಫಿ ಸುರಿದು ಹೊರಟೇಹೋದಳು.

ಅಮೆರಿಕದ ಅಯೋವಾದ ಆ ಪುಟ್ಟ ಊರಿನಲ್ಲಿ ಕಪ್ಪು ಜನರ ಮನೆಗಳು ಎರಡೇ. ಒಂದು ಇವಳದು, ಇನ್ನೊಂದು ಅವನದು. ಊರಿಗೆ ಅಷ್ಟೇ ಸಾಕಾಯಿತು! ಒಂದನೇ ಕ್ಲಾಸಿನಲ್ಲಿ ಇಬ್ಬರಿಗೂ ಒಂದೇ ಬೆಂಚು. ನಾಟಕದಲ್ಲಿ ಇವಳು ರಾಣಿಯಾದರೆ ಅವನೇ ರಾಜ. ಗುರುತಿಲ್ಲದವರು "ಅಣ್ಣ ತಂಗಿನಾ?" ಅನ್ನುತ್ತಿದ್ದರು, ಗುರುತಿದ್ದವರು "ಮದುವೆ ಯಾವಾಗ?" ಅನ್ನುತ್ತಿದ್ದರು. ಕೆಟ್ಟವರಲ್ಲ ಪಾಪ, ಒಳ್ಳೆಯತನದಿಂದಲೇ ಜೀವ ಹಿಂಡುತ್ತಿದ್ದರು.

"ಅಮ್ಮನ ಮನೆ ಮಾರಾಟ ಆಯ್ತು," ಎಂದ ಡ್ವೇನ್. "ನಾಳೆ ಹೊರಡ್ತೀನಿ. ಇನ್ನು ಈ ಕಡೆ ಬರಲ್ಲ."

"ಹೋಗು. ಹಾಗಾದ್ರೂ ಇವರ ಬಾಯಿ ಮುಚ್ಚುತ್ತೆ."

ಹಾಗೆಂದಳೇನೋ ನಿಜ. ಆದರೆ ಇನ್ನೆಂದೂ ಅವನು ಕಣ್ಣಿಗೆ ಬೀಳುವುದಿಲ್ಲ ಎಂದು ಹೊಳೆದೊಡನೆ ಬಾಯಿಗೆ ಒಯ್ದ ಕಪ್ಪನ್ನು ಹಾಗೇ ಕೆಳಗಿಟ್ಟಳು.

"ಅವತ್ತೂ ಎಲ್ಲರ ಮುಂದೆ ನೀನು ಹೀಗೇ ಅಂದಿದ್ದೆ," ಎಂದ ಡ್ವೇನ್. "ಶಾಲೆಯ ಕೊನೇ ವರ್ಷದ ನೃತ್ಯಕ್ಕೆ ನಾನು ಕರೆದ್ರೆ, 'ಟೀಚರ್ ಹೇಳಿದ್ರು ಅಂತ ಕರೀತಿದ್ದೀಯಾ' ಅಂದೆ."

"ಸುಳ್ಳಾ? 'ರೋಶೆಲ್‌ನ ಕರಿ, ನಿನಗೆ ಅವಳೇ ಸರಿಜೋಡಿ' ಅಂತ ಅವರು ಹೇಳಿದ್ದನ್ನ ನಾನೇ ಕೇಳಿಸ್ಕೊಂಡಿದ್ದೆ!"

"ಅವರು ಹೇಳಿದ್ದು ಶುಕ್ರವಾರ. ಅದಕ್ಕೂ ಮುಂಚೆ, ಭಾನುವಾರವೇ ನಾನು ನೇರಳೆ ಟೈ ತಂದಿದ್ದೆ."

ಹುಡುಗಿಯ ಗೌನಿನ ಬಣ್ಣಕ್ಕೆ ಹುಡುಗ ಟೈ ಹೊಂದಿಸುವುದು ಅಲ್ಲಿಯ ಪದ್ಧತಿ. ರೋಶೆಲ್ ದಂಗಾದಳು. ಆ ನೇರಳೆ ಗೌನನ್ನು ಅವಳು ಯಾರಿಗೂ ತೋರಿಸಿರಲೇ ಇಲ್ಲ!

"ನಿನಗೆ ಹೇಗೆ..."

"ನಿಮ್ಮಡುಗೆಮನೇಲಿ ನಿಮ್ಮಮ್ಮ ನನ್ನ ತಂಗಿಗೆ ಜಡೆ ಹೆಣೀತಿದ್ರು. ನಮ್ಮ ಕೂದಲು ಹೆಣೆಯೋಕೆ ಈ ಊರಲ್ಲಿ ಇನ್ಯಾರಿಗೆ ಬರುತ್ತೆ ಹೇಳು? ಆಗ ಮೆಲ್ಲಗೆ ಕೇಳಿದೆ."

"ಅದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿನಗೆ!"

"ಹೇಳೋಕೆ ಬಿಟ್ಯಾ ನೀನು?"

ರೋಶೆಲ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ದೇವರೇ... ಇಷ್ಟು ವರ್ಷ ಇವನ ಮೇಲೆ ಸುಮ್ಮನೆ ಸಿಟ್ಟಾಗಿದ್ದೆನಾ?

"ಈಗ ನಾವು ಒಂದಾದ್ರೆ, 'ನಾವು ಆಗ್ಲೇ ಹೇಳಿರ್ಲಿಲ್ವಾ' ಅಂತ ಇಡೀ ಊರು ಸಾಯೋವರೆಗೂ ಹಾಡುತ್ತೆ ಡ್ವೇನ್! ನನ್ನ ಕೈಲಾಗಲ್ಲ!"

"ಮೈಬಣ್ಣ ನೋಡಿ ಅವರು ಜೋಡಿ ಮಾಡಿದ್ರೆ ನಾನೇನು ಮಾಡ್ಲಿ? ಬಾಸ್ಕೆಟ್‌ಬಾಲ್‌ನಲ್ಲಿ ರೆಫರಿ ಜೊತೆ ಜಗಳಕ್ಕೆ ನಿಲ್ತಿದ್ದೆಯಲ್ಲ, ಆ ಜಗಳಗಂಟಿ ಮೇಲೆ ನನಗೆ ಆಗ್ಲೇ ಮನಸ್ಸಾಗಿತ್ತು. ಈಗಲೂ ಹಾಗೇ ಇದೆ. ಬೇಡ ಅಂದ್ರೆ ಹೇಳಿಬಿಡು, ಎದ್ದು ಹೋಗ್ತೀನಿ."

ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಹೋಟೆಲಿನ ಕಣ್ಣೆಲ್ಲ ಇವರ ಮೇಲೇ! ನೋಡಿಕೊಳ್ಳಲಿ, ಹಾಳಾಗಲಿ! ರೋಶೆಲ್ ಎಲ್ಲರೆದುರೇ ಅವನ ಕೈ ಗಟ್ಟಿಯಾಗಿ ಹಿಡಿದಳು. ಕಣ್ಣೀರು ಕೆನ್ನೆಗಿಳಿಯಿತು.

"ಹೋಗ್ಬೇಡ ಕಣೋ..."

"ಇದನ್ನ ಹೇಳೋಕೆ ಎಂಟು ವರ್ಷ ಬೇಕಾಯ್ತಾ?"

"ಮೊದಲು ಊರವರು ಹೇಳೋದು ನಿಲ್ಲಿಸ್ಲಿ ಅಂತ ಕಾಯ್ತಿದ್ದೆ!"