ಅಪ್ಪನ ಮೂಳೆಗಂಟು

೧೯೮೭ರ ಮಾರ್ಚ್ ೯, ಬೆಳಗ್ಗೆ ೮-೨೦. ಇಫುಗಾವೊ ಬೆಟ್ಟದ ಠಾಣೆಗೆ ಗಿನ್ನಿದ್ ಎಂಬಾತ ಬಂದು, ಸತ್ತ ಅಪ್ಪನ ಮೂಳೆಗಳನ್ನು ಕಂಬಳಿಯಲ್ಲಿ ಸುತ್ತಿ ಮನೆಯಲ್ಲಿಟ್ಟುಕೊಂಡಿದ್ದ ಗಂಟು ಕಳುವಾಗಿದೆ ಎಂದು ದೂರು ಕೊಟ್ಟ. ಏಳು ವರ್ಷದ ಮಗ ಜ್ವರದಲ್ಲಿ ಬಿದ್ದು ಹನ್ನೆರಡು ದಿನ, ಆಸ್ಪತ್ರೆಯವರು ಕೈಚೆಲ್ಲಿದ್ದರು. ಸತ್ತ ಅಜ್ಜನಿಗೆ ಚಳಿಯಾಗಿದೆ, ಮೂಳೆ ಒರೆಸಿ ಹೊಸ ಕಂಬಳಿ ಸುತ್ತಿ ಹಂದಿ ಬಲಿ ಕೊಟ್ಟರೆ ಮಗುವನ್ನು ಬಿಡುತ್ತಾನೆ ಎಂದು ಪೂಜಾರಿ ಹೇಳಿದ್ದನಂತೆ. ಇನ್ಸ್‌ಪೆಕ್ಟರ್ ಪುಗೊಂಗ್ ಅದೇ ಬೆಟ್ಟದವನು, ನಗಲಿಲ್ಲ. ಎಫ್‌ಐಆರ್ ಬರೆಸಿದ.

೧೦-೪೫ಕ್ಕೆ ಪಂಚನಾಮೆ. ಗಂಟನ್ನು ಕಂಬಗಳ ಮೇಲಿನ ಮನೆಯ ಕೆಳಗೆ ತೊಲೆಗೆ ಕಟ್ಟಿದ್ದರು. ಹಳೇ ಕಂಬಳಿಗೆ ಪಟ್ಟಣದಲ್ಲಿ ಗಿರಾಕಿಗಳಿದ್ದಾರೆ, ಇದು ವ್ಯಾಪಾರಿಗಳ ಕೆಲಸ ಎಂದ ಕಾನ್‌ಸ್ಟೆಬಲ್ ಲುನಾಗ್. ಪುಗೊಂಗ್ ಬಗ್ಗಿ ನೋಡಿದ. ತೊಲೆಯ ಕೆಳಗೆ ಒಂದು ಬಟ್ಟಲು ಅಕ್ಕಿಹೆಂಡ, ಎಲೆಯ ಮೇಲೆ ಅಡಿಕೆ.

"ವ್ಯಾಪಾರಿ ಸತ್ತವನ ಅಪ್ಪಣೆ ಕೇಳಿ ಕದೀತಾನೇನೋ?"

ಅಡಿಕೆಯನ್ನು ಬೆರಳಲ್ಲಿ ಉಜ್ಜಿದ. ನುಣ್ಣಗೆ ಕುಟ್ಟಿದ್ದು. ಮುದುಕನಿಗೆ ಹಲ್ಲಿತ್ತೇ ಎಂದು ಕೇಳಿದರೆ, ಒಂದೂ ಇರಲಿಲ್ಲ ಎಂದ ಗಿನ್ನಿದ್. ಕುಟ್ಟಿ ಕೊಡುತ್ತಿದ್ದವರು ಯಾರು? ಸತ್ತ ತಮ್ಮನ ಹೆಂಡತಿ ಇಂದುನಾಯ್. ಹನ್ನೊಂದು ವರ್ಷ ಮಾವನ ಬಾಯಿಗೆ ತುತ್ತಿಟ್ಟವಳು.

ಅವಳು ಮೆಟ್ಟಿಲುಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಪೊಲೀಸರನ್ನು ಕಂಡು ಕೈ ತೊಳೆದು ಮೇಲೆ ಬಂದಳು.

"ಗಂಟೆಲ್ಲಿ ಅಕ್ಕಾ?"

"ಹೊಳೇಲಿ ಬಿಟ್ಟೆ. ಮೇಲೆ ಮಳೆಯಾಗಿ ಕೆಂಪು ನೀರು ಬಂದಿತ್ತಲ್ಲ. ಹುಡುಕಬೇಡಿ."

ಗಿನ್ನಿದ್ ಕೆಸರಿನಲ್ಲೇ ಅವಳ ಕಾಲಿಗೆ ಬಿದ್ದ. "ಒಂದು ಮೂಳೆನಾದ್ರೂ ಇಟ್ಕೊಂಡಿದೀಯೇನಮ್ಮಾ?"

"ಹೋದ ವರ್ಷ ನಾನೂ ಹಿಂಗೇ ನಿಮ್ಮ ಕಾಲು ಹಿಡಿದಿದ್ದೆ, ಭಾವ. ಹೆಣ್ಣುಕೂಸಿಗೆ ಹಂದಿ ಯಾಕೆ, ಕೋಳಿ ಸಾಕು ಅಂದ್ರಿ. ಕೊಟ್ಟ ಕೋಳಿಗೂ ಸೀಕು."

ಮಧ್ಯಾಹ್ನ ೧-೩೦ಕ್ಕೆ ಬಂಧನ. ಹೇಳಿಕೆಯಲ್ಲಿ ಅವಳು ಹೆಚ್ಚೇನೂ ಸೇರಿಸಲಿಲ್ಲ. ಮನೆತನದ ಹಂದಿಗಳೆಲ್ಲ ಹಿರಿಮಗ ಗಿನ್ನಿದ್‌ನ ವಶದಲ್ಲಿದ್ದವು. ಮಗಳಿಗೆ ಐದು ವರ್ಷವಾಗಿತ್ತು. ಜ್ವರ ಬಂದ ಒಂಬತ್ತನೆಯ ದಿನ ತೀರಿಕೊಂಡಳು. ಮಾವನಿಗೆ ಎಲ್ಲ ಹೇಳಿಯೇ ಗಂಟು ಬಿಚ್ಚಿದೆ ಎಂದಳು. ಪುಗೊಂಗ್ ಅದನ್ನೂ ಬರೆದುಕೊಂಡ.

ಲಾಕಪ್ಪಿನಲ್ಲಿ ಅವಳು ಅನ್ನ ಮುಟ್ಟಲಿಲ್ಲ. ತಟ್ಟೆ ತಂದಾಗಲೆಲ್ಲ, "ಹುಡುಗ?" ಎಂದು ಕೇಳುವಳು. ಇದ್ದಾನೆ ಎಂದರೆ ತಟ್ಟೆ ಪಕ್ಕಕ್ಕೆ ಸರಿಸುವಳು.

೧೨ರ ಬೆಳಗ್ಗೆ ಲುನಾಗ್ ತಟ್ಟೆ ಒಳಗಿಟ್ಟು, ಟೋಪಿ ತೆಗೆದು ಸರಳಿನಾಚೆ ನಿಂತ. ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು,

"ಒಂಚೂರು ಉಪ್ಪು ಕೊಡಪ್ಪಾ" ಎಂದಳು.