ಮೂರಕ್ಕೆ ಇಳಿಯುವ ವಿಮಾನ

"ನಾಳೆ ಬೆಳಿಗ್ಗೆ ಹತ್ತರ ವಿಮಾನಕ್ಕೆ ಒಂದು ಟಿಕೆಟ್."

ದನಿ ಕೇಳಿದ್ದೇ ತಡ, ಕೌಂಟರಿನ ಹುಡುಗಿಯ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತುಬಿಟ್ಟವು. ಗಾಜಿನಾಚೆ ಅವನೇ! ಮೂರು ತಿಂಗಳ ಹಿಂದೆ ನಿಶ್ಚಿತಾರ್ಥದ ಉಂಗುರ ಬಿಚ್ಚಿ ಕೈಗಿಟ್ಟು ಅವಳೇ ಸಾಗಹಾಕಿದ್ದ ಹುಡುಗ, ವಿಮಾನದ ಮೆಕ್ಯಾನಿಕ್.

ಅಯ್ಯೋ... ಇವತ್ತೇ ಬರಬೇಕಿತ್ತಾ ಇವನು?

"ಪ್ರಯಾಣ ಎಷ್ಟು ಹೊತ್ತು ಮೇಡಂ?"

"ಎರಡು ಸಾವಿರ ಕಿಲೋಮೀಟರ್... ಮೂರು ಗಂಟೆ."

"ಅವತ್ತು ಐದು ಗಂಟೆ ಅಂದಿದ್ರಿ."

ಅವಳ ಕಿವಿಯೆಲ್ಲ ಬಿಸಿಯಾಯಿತು. ತಲೆ ಎತ್ತಲಾಗಲಿಲ್ಲ.

ಆಗಿದ್ದಿಷ್ಟು. ಇದೇ ವಿಮಾನದಲ್ಲಿ ಹೋದವನು ಮಧ್ಯಾಹ್ನ ಒಂದಕ್ಕೆ ಫೋನ್ ಮಾಡಿ "ಈಗ ಇಳಿದೆ" ಅಂದಿದ್ದ. ಆಮೇಲೊಂದು ದಿನ ಅವನ ಹಳೆಯ ಟಿಕೆಟ್ ಇವಳ ಕಣ್ಣಿಗೆ ಬಿತ್ತು. ಇಳಿಯುವ ಹೊತ್ತು, ಮೂರು ಗಂಟೆ! ಅಷ್ಟು ಸಾಕಾಯಿತು ಮಹಾತಾಯಿಗೆ. ಅಪ್ಪ, ಇಬ್ಬರು ಅತ್ತೆಯರು ಕೂತಿದ್ದ ನಡುಮನೆಯಲ್ಲೇ ರೇಗಿಬಿದ್ದಳು. "ಹತ್ತರಿಂದ ಮೂರು, ಐದು ಗಂಟೆ ಪ್ರಯಾಣ! ವಿಮಾನ ಇನ್ನೂ ಮೇಲಿದ್ದಾಗ ನೀನು ಎಲ್ಲಿ ಇಳಿದೆ? ಯಾರ ಮನೇಲಿ?"

"ನಿನ್ನ ಕೆಲಸಾನೇ ಅದಲ್ವಾ? ನೀನೇ ಯೋಚನೆ ಮಾಡು" ಅಂದು ಅವನು ಎದ್ದು ಹೋಗಿದ್ದ. ಕೊಬ್ಬು ಅಂದುಕೊಂಡಿದ್ದಳು ಇವಳು.

ಇವತ್ತು ಬೆಳಿಗ್ಗೆ ಒಬ್ಬ ಅಜ್ಜಿ ಅದೇ ಟಿಕೆಟ್ ಹಿಡಿದು, "ಐದು ಗಂಟೆ ಕೂತಿರಬೇಕೇನಮ್ಮಾ?" ಅಂದರು.

"ಇಲ್ಲ ಅಜ್ಜಿ, ಮೂರೇ ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಮುಂದೆ. ಟಿಕೆಟ್ಟಿನಲ್ಲಿರೋದು ಅಲ್ಲಿನ..."

ಮಾತು ಅಲ್ಲಿಗೇ ನಿಂತಿತ್ತು. ಅಲ್ಲಿ ಮೂರಾದಾಗ ಇಲ್ಲಿ ಒಂದು! ದಿನಕ್ಕೆ ಹತ್ತು ಸಲ ಊರಿಗೆಲ್ಲ ಹೇಳುವ ಮಾತು ತನ್ನವನ ವಿಷಯದಲ್ಲಿ ನೆನಪಾಗದೇ ಹೋಯಿತಲ್ಲ... ಥೂ, ನನ್ನ ಜನ್ಮಕ್ಕಿಷ್ಟು!

ಈಗ ಅವನು ಎದುರಿಗಿದ್ದಾನೆ. ನಾಳೆ ಹೋದರೆ ಹೋದಂತೆಯೇ. ಅವನ ಬೆನ್ನ ಹಿಂದೆ ಸಾಲು, ಇವಳ ಪಕ್ಕದಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡ ಮ್ಯಾನೇಜರ್.

ಅವಳು ಎದ್ದು ನಿಂತಳು.

"ಎಲ್ಲರೆದುರು ಬೈದಿದ್ದೆ, ಎಲ್ಲರೆದುರೇ ಹೇಳ್ತೀನಿ. ತಪ್ಪು ನಂದು. ನೀನು ಸುಳ್ಳು ಹೇಳಿರಲಿಲ್ಲ. ನಾಚಿಕೆಯಿಂದ ಸಾಯೋ ಹಾಗಾಗಿದೆ ನಂಗೆ..."

ಸಾಲಿನಲ್ಲಿ ಗುಸುಗುಸು ನಿಂತಿತು. ಅವನು ಗಾಜಿನ ಹತ್ತಿರಕ್ಕೆ ಬಾಗಿದ.

"ಗಂಟೆ ತಪ್ಪಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೇ. 'ಯಾಕೆ ಹೀಗೆ' ಅಂತ ಒಂದು ಮಾತು ಕೇಳದೆ, ಯಾರ ಮನೆ ಅಂದುಬಿಟ್ಟೆಯಲ್ಲ..."

"ಇನ್ಮೇಲೆ ಮೊದಲು ಕೇಳ್ತೀನಿ."

"ಈಗೇನಾದ್ರೂ ಕೇಳೋದಿದ್ಯಾ?"

"ಇದೆ... ನನ್ನ ಮೇಲೆ ಇನ್ನೂ ಮನಸ್ಸಿದೆಯಾ?"

"ಪೆದ್ದಿ," ಅವನು ಮೆಲ್ಲಗೆ ಅಂದ. "ನಮ್ಮನೆ ಕೆಳಗೇ ಒಂದು ಟಿಕೆಟ್ ಕೌಂಟರಿದೆ. ಎರಡು ಬಸ್ ಬದಲಾಯಿಸಿ ಇಲ್ಲಿಗ್ಯಾಕೆ ಬರ್ತಿದ್ದೆ?"